ತೂಕ ಇಳಿಸುವ ಆಪರೇಷನ್: ಹೊಟ್ಟೆಯೊಳಗೆ ಏನು ಮಾಡುತ್ತಾರೆ, ಆಮೇಲೆ ಹೇಗಿರಬೇಕು

ಮೈಸೂರು, ಮಂಡ್ಯದ ಕಡೆ ಈಗ ನಾಲ್ಕು ಜನ ಸೇರಿದ ಕಡೆ ತೂಕದ ಮಾತು ಬಂದೇ ಬರುತ್ತದೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವರಿರಲಿ, ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುವವರಿರಲಿ, ‘ತೂಕ ಇಳಿಸೋ ಇಂಜೆಕ್ಷನ್ ಬಂದಿದ್ಯಂತೆ’ ಅಂತ ಒಬ್ಬರು ಶುರು ಮಾಡಿದರೆ, ‘ನಮ್ ಭಾವನೋರು ಹೊಟ್ಟೆ ಆಪರೇಷನ್ನೇ ಮಾಡಿಸ್ಕೊಂಡ್ರು, ಅರ್ಧ ಆಗೋಗವ್ರೆ’ ಅಂತ ಇನ್ನೊಬ್ಬರು ಸೇರಿಸುತ್ತಾರೆ. ಮೂರನೆಯವರು ಮಾತ್ರ ‘ಅಯ್ಯೋ, ಅದರಲ್ಲಿ ಜೀವಕ್ಕೇ ಅಪಾಯ ಅಂತೆ’ ಅಂತ ಹೆದರಿಸುತ್ತಾರೆ.

ಮಾತು ಸುಮ್ನೆ ಎದ್ದಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರು, ಗಂಡಸರು ಇಬ್ಬರಲ್ಲೂ ನೂರಕ್ಕೆ ಸುಮಾರು 30 ಜನರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ. ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ಹುಡುಕುವುದೇ ಕಷ್ಟ. ಹಾಗಾಗಿ ಈ ಆಪರೇಷನ್ ಅಂದರೆ ಏನು, ಯಾರಿಗೆ ಬೇಕು, ಏನು ಸಿಗುತ್ತದೆ, ಏನು ಕಳೆದುಕೊಳ್ಳಬೇಕಾಗುತ್ತದೆ ಅನ್ನುವುದನ್ನು ಬುಡದಿಂದ ನೋಡೋಣ.

ಕೊಬ್ಬು ತೆಗೆಸುವುದೇ ಬೇರೆ

ಮೊದಲು ಒಂದು ಗೊಂದಲ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಸರ್ಜರಿಯ ನಂತರ ತೀರಿಕೊಂಡರು. ತೂಕ ಇಳಿಸುವ ಆಪರೇಷನ್ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗುವುದು ಅದೇ ಸುದ್ದಿ. ಆದರೆ ಅಂದಚೆಂದಕ್ಕೆ ಮಾಡಿಸುವ ಕೊಬ್ಬಿನ ಸರ್ಜರಿಗೂ ನಾವಿಲ್ಲಿ ಮಾತಾಡುತ್ತಿರುವುದಕ್ಕೂ ಸಂಬಂಧವಿಲ್ಲ.

ಲೈಪೊಸಕ್ಷನ್ ಅಂದರೆ ಚರ್ಮದ ಕೆಳಗಿರುವ ಕೊಬ್ಬನ್ನು ಒಂದು ನಳಿಕೆಯಿಂದ ಹೀರಿ ತೆಗೆಯುವುದು. ಸೊಂಟದ ಆಕಾರ ಬದಲಾಗಬಹುದು, ತೂಕ ಇಳಿಯುವುದು ಸ್ವಲ್ಪವೇ. ಸಕ್ಕರೆ ಕಾಯಿಲೆ ಇದ್ದ ಹಾಗೇ ಇರುತ್ತದೆ. ತೂಕ ಇಳಿಸುವ ಆಪರೇಷನ್, ಅಂದರೆ ಬೇರಿಯಾಟ್ರಿಕ್ ಸರ್ಜರಿಯಲ್ಲಿ, ಕೊಬ್ಬನ್ನು ಮುಟ್ಟುವುದೇ ಇಲ್ಲ. ಅಲ್ಲಿ ಕತ್ತರಿ ಬೀಳುವುದು ಜಠರಕ್ಕೆ, ಕೆಲವು ಸಲ ಸಣ್ಣ ಕರುಳಿಗೆ. ಕೊಬ್ಬು ಆಮೇಲೆ ತಿಂಗಳುಗಟ್ಟಲೆ ತಾನಾಗಿ ಕರಗುತ್ತದೆ.

ಜಠರ ಅಂದರೆ ಅನ್ನನಾಳದ ಕೆಳಗಿರುವ ಚೀಲ. ನಾವು ತಿಂದದ್ದು ಮೊದಲು ಬಂದು ಬೀಳುವುದು ಅಲ್ಲಿಗೆ. ಅಲ್ಲಿ ಅರೆಬರೆ ಜೀರ್ಣವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಊಟದ ಸಾರವನ್ನು ರಕ್ತಕ್ಕೆ ಸೇರಿಸುವ ಕೆಲಸ ಸಣ್ಣ ಕರುಳಿನದು. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಬಾಯಿ ಕಟ್ಟಿದರೆ ಸಾಲದಾ?

ದಪ್ಪಗಿರುವವರು ಜೀವನದಲ್ಲಿ ಅತಿ ಹೆಚ್ಚು ಕೇಳಿಸಿಕೊಂಡಿರುವ ಮಾತು ಇದೇ ಇರಬೇಕು. ಕಡಿಮೆ ತಿಂದು ಜಾಸ್ತಿ ನಡೆದರೆ ತೂಕ ಇಳಿಯುತ್ತದೆ, ನಿಜ. ಐದಾರು ಕೆಜಿ ಜಾಸ್ತಿ ಇರುವವರಿಗೆ ಅದೇ ಸರಿಯಾದ ದಾರಿ. 30, 40 ಕೆಜಿ ಜಾಸ್ತಿ ಇರುವವರ ಕತೆ ಬೇರೆ. ಅವರೂ ಇಳಿಸುತ್ತಾರೆ, ಆದರೆ ಒಂದೆರಡು ವರ್ಷದಲ್ಲಿ ಹೆಚ್ಚಿನವರಿಗೆ ಅದು ವಾಪಸ್ ಬರುತ್ತದೆ.

ಯಾಕೆ ಅಂದರೆ, ತೂಕ ಇಳಿಯುವುದನ್ನು ದೇಹ ಇಷ್ಟಪಡುವುದಿಲ್ಲ. ಕೊಬ್ಬು ಕರಗುತ್ತಾ ಹೋದಂತೆ ‘ಬರಗಾಲ ಬಂತು’ ಅನ್ನುವ ಹಾಗೆ ವರ್ತಿಸುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ರಕ್ತದಲ್ಲಿ ಏರುತ್ತದೆ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ಹೇಳುವ ಹಾರ್ಮೋನ್‌ಗಳು ಇಳಿಯುತ್ತವೆ. ಸುಮ್ಮನೆ ಕೂತಾಗ ಖರ್ಚಾಗುವ ಕ್ಯಾಲೊರಿಯೂ ಕಮ್ಮಿಯಾಗುತ್ತದೆ. ಡಯಟ್ ಮಾಡುವವನಿಗೆ ಮೊದಲಿಗಿಂತ ಜಾಸ್ತಿ ಹಸಿವು, ಮೊದಲಿಗಿಂತ ಕಮ್ಮಿ ಖರ್ಚು. ಮನಸ್ಸು ಗಟ್ಟಿ ಇದ್ದರೂ ವರ್ಷಾನುಗಟ್ಟಲೆ ಇದರ ಎದುರು ನಿಲ್ಲುವುದು ಕಷ್ಟ.

ಬೇರಿಯಾಟ್ರಿಕ್ ಆಪರೇಷನ್ ಬದಲಿಸುವುದು ಈ ಲೆಕ್ಕವನ್ನೇ. ಚೀಲ ಚಿಕ್ಕದಾಗುವುದು ಕಣ್ಣಿಗೆ ಕಾಣುವ ಭಾಗ. ಹಸಿವು, ರಕ್ತದ ಸಕ್ಕರೆಯನ್ನು ನಡೆಸುವ ಹಾರ್ಮೋನ್‌ಗಳ ಸಂಕೇತ ಬದಲಾಗುವುದು ಅದಕ್ಕಿಂತ ದೊಡ್ಡ ಭಾಗ.

ಯಾರಿಗೆ ಈ ಆಪರೇಷನ್?

ವೈದ್ಯರು ಮೊದಲು ನೋಡುವುದು ಬಿಎಂಐ ಎಂಬ ಅಂಕಿಯನ್ನು. ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಎತ್ತರವನ್ನು ಮೀಟರಿನಲ್ಲಿ ಹಿಡಿದು ಎರಡು ಸಲ ಭಾಗಿಸಬೇಕು, ಅಷ್ಟೇ. ಮಂಡ್ಯದ ಒಬ್ಬ ಗೃಹಿಣಿ ಇದ್ದಾರೆ ಅಂದುಕೊಳ್ಳಿ. ಎತ್ತರ 5 ಅಡಿ 2 ಇಂಚು, ಅಂದರೆ 1.57 ಮೀಟರ್. ತೂಕ 92 ಕೆಜಿ. 92ನ್ನು 1.57ರಿಂದ ಭಾಗಿಸಿದರೆ 58.6. ಅದನ್ನು ಮತ್ತೆ 1.57ರಿಂದ ಭಾಗಿಸಿದರೆ 37.3. ಇದು ಅವರ ಬಿಎಂಐ.

ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಶ್ಚಿಮದ ದೇಶಗಳಲ್ಲಿ ಈ ಗೆರೆಗಳು 25 ಮತ್ತು 30. ನಮಗೆ ಗೆರೆ ಕೆಳಗಿರುವುದಕ್ಕೆ ಕಾರಣ ಇದೆ. ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮಲ್ಲಿ ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ, ಸಕ್ಕರೆ ಕಾಯಿಲೆಯೂ ಬೇಗ ಅಂಟಿಕೊಳ್ಳುತ್ತದೆ.

ಆಪರೇಷನ್‌ಗೆ ಗೆರೆ ಇನ್ನೂ ಮೇಲಿದೆ. ಬಹಳ ಕಾಲ ಜಗತ್ತೆಲ್ಲ ಪಾಲಿಸುತ್ತಿದ್ದದ್ದು 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮ: ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ಸಕ್ಕರೆ ಕಾಯಿಲೆಯಂಥ ತೊಂದರೆ ಇರಬೇಕು. 2022ರಲ್ಲಿ ಇದನ್ನು ಸಡಿಲಿಸಿದರು. ಈಗಿನ ಅಂತರರಾಷ್ಟ್ರೀಯ ಸಲಹೆ ಪ್ರಕಾರ 35 ದಾಟಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. 30ರಿಂದ 35ರ ಮಧ್ಯೆ ಇದ್ದು ಸಕ್ಕರೆ ಕಾಯಿಲೆಯಂಥದ್ದು ಇದ್ದರೆ ಯೋಚಿಸಬಹುದು. ಏಷ್ಯಾದವರಿಗೆ 27.5ರಿಂದಲೇ ಈ ಆಯ್ಕೆ ಮುಂದಿಡಬಹುದು ಎಂದೂ ಅದರಲ್ಲಿದೆ. ನಮ್ಮ ಗೃಹಿಣಿ ಈ ಲೆಕ್ಕದಲ್ಲಿ ಸೇರುತ್ತಾರೆ.

ಆದರೆ ಅಂಕಿ ಹೊಂದಿದ ಮಾತ್ರಕ್ಕೆ ಟೇಬಲ್ ಮೇಲೆ ಮಲಗಿಸುವುದಿಲ್ಲ, ಮಲಗಿಸಲೂಬಾರದು. ತೂಕ ಏರುವುದಕ್ಕೆ ಥೈರಾಯ್ಡ್ ಅಥವಾ ಬೇರೆ ಹಾರ್ಮೋನ್ ಕಾರಣವೇ ಎಂದು ಮೊದಲು ನೋಡಬೇಕು. ಇಷ್ಟಕ್ಕೆ ದೊಡ್ಡ ಖರ್ಚಿನ ಜಾಗಕ್ಕೇ ಹೋಗಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಾದ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಮೆಡಿಸಿನ್ ವಿಭಾಗದ ವೈದ್ಯರಿಗೆ ತೋರಿಸಿ ಸಕ್ಕರೆ, ಥೈರಾಯ್ಡ್, ಲಿವರ್ ಪರೀಕ್ಷೆಯಿಂದ ಶುರು ಮಾಡಬಹುದು. ಕುಡಿತದ ಚಟ ಇದ್ದವರಿಗೆ, ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯದೆ ಇರುವವರಿಗೆ, ಬಸುರಿಯರಿಗೆ ಸದ್ಯಕ್ಕೆ ಬೇಡ ಅನ್ನುತ್ತಾರೆ. ಆಪರೇಷನ್ ಆದ ಮೇಲೆ ಚೆಕಪ್‌ಗೆ ಬರಲು ಆಗುವುದೇ ಇಲ್ಲ ಅನ್ನುವವರಿಗೂ ಬೇಡ. ಈ ಕೊನೆಯದು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಒಳಗೆ ಏನು ಮಾಡುತ್ತಾರೆ?

ಈಗ ಹೊಟ್ಟೆ ಉದ್ದಕ್ಕೂ ಕೊಯ್ಯುವುದಿಲ್ಲ. ನಾಲ್ಕೈದು ಸಣ್ಣ ತೂತು ಮಾಡಿ, ಹೊಟ್ಟೆಯೊಳಗೆ ಗ್ಯಾಸ್ ತುಂಬಿಸಿ ಜಾಗ ಮಾಡಿಕೊಂಡು, ಕ್ಯಾಮೆರಾ ಇಳಿಸಿ ಟಿವಿ ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಇದೇ ಲ್ಯಾಪರೋಸ್ಕೋಪಿ. ತೊಂದರೆ ಇಲ್ಲದಿದ್ದರೆ ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಹೆಚ್ಚಾಗಿ ಮಾಡುವುದು ಎರಡು ಬಗೆ.

ಒಂದು ಸ್ಲೀವ್. ಜಠರದ ಹೊರಬಾಗಿನ ಉದ್ದಕ್ಕೂ ಸ್ಟೇಪ್ಲರ್ ಹೊಡೆದು ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ಕತ್ತರಿಸಿ ಹೊರಗೆ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಒಂದು ಲೀಟರಿಗಿಂತ ಹೆಚ್ಚು ಹಿಡಿಯುತ್ತಿದ್ದ ಜಾಗದಲ್ಲಿ ಈಗ 100, 150 ಮಿಲಿ ಹಿಡಿಯುತ್ತದೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಉಬ್ಬು ಭಾಗದಲ್ಲಿ. ಕತ್ತರಿಸಿ ತೆಗೆಯುವುದರಲ್ಲಿ ಅದೂ ಹೋಗುತ್ತದೆ. ಹಾಗಾಗಿ ಹಸಿವೇ ಕಮ್ಮಿಯಾಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ಆದರೆ ತೆಗೆದ ಜಠರವನ್ನು ವಾಪಸ್ ಇಡಲು ಆಗುವುದಿಲ್ಲ, ಇದು ಮುಗಿದ ಮಾತು.

ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. 1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಇದನ್ನು ಶುರು ಮಾಡಿದರು. ಈಗಿನ ರೂಪ ಹೀಗಿದೆ: ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ, ಅಂದರೆ ಎರಡು ದೊಡ್ಡ ಚಮಚದಷ್ಟು ಜಾಗವನ್ನು ಬೇರೆ ಮಾಡಿ, ಸಣ್ಣ ಕರುಳಿನ ಕೆಳಗಿನ ಭಾಗವನ್ನು ಎಳೆದು ತಂದು ಅದಕ್ಕೆ ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ, ಸಣ್ಣ ಕರುಳಿನ ಮೊದಲ ಭಾಗ ಒಳಗೇ ಇರುತ್ತವೆ. ಆದರೆ ಊಟ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿಂದ ಬರುವ ಜೀರ್ಣರಸ, ಪಿತ್ತ ಎಲ್ಲ ಕೆಳಗೆ ಬಂದು ಊಟವನ್ನು ಸೇರಿಕೊಳ್ಳುತ್ತವೆ.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮೈಸೂರು–ಬೆಂಗಳೂರು ಹೊಸ ಹೆದ್ದಾರಿ ಬಂದ ಮೇಲೆ ಗಾಡಿಗಳು ಮಂಡ್ಯದ ಊರೊಳಗೆ ಬರುವುದಿಲ್ಲ, ಹೊರಗಿಂದ ಹೊರಗೇ ಹೋಗುತ್ತವೆ. ಊರು ಎಲ್ಲೂ ಹೋಗಿಲ್ಲ, ಆದರೆ ಹಳೇ ರಸ್ತೆ ಬದಿಯ ಹೋಟೆಲು, ಅಂಗಡಿಗಳಿಗೆ ವ್ಯಾಪಾರ ಇಳಿಯಿತು. ಹೊಟ್ಟೆಯೊಳಗೂ ಹಾಗೇ. ಊಟ ಬಿಟ್ಟು ಹೋದ ಆ ಮೊದಲ ಕರುಳಿನ ಭಾಗದಲ್ಲೇ ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ರಕ್ತಕ್ಕೆ ಸೇರುತ್ತಿದ್ದದ್ದು. ಊಟ ಆ ದಾರಿಯಲ್ಲಿ ಬರದಿದ್ದರೆ ಆ ಕೆಲಸವೂ ಕುಂಟುತ್ತದೆ. ಬೈಪಾಸ್ ಮಾಡಿಸಿಕೊಂಡವರು ಜೀವನಪೂರ್ತಿ ವಿಟಮಿನ್, ಕಬ್ಬಿಣದ ಮಾತ್ರೆ ತಗೋಬೇಕು ಅನ್ನುವುದು ಇದಕ್ಕೇ.

ಮಿನಿ ಬೈಪಾಸ್ ಅಂತ ಇನ್ನೊಂದಿದೆ. ಎರಡು ಜೋಡಣೆಯ ಬದಲು ಒಂದೇ ಜೋಡಣೆ. ಇನ್ನು ಬಾಯಿಂದ ಇಳಿಸಿ ಜಠರದಲ್ಲಿ ಇಡುವ ಬಲೂನು ಆಪರೇಷನ್ನೇ ಅಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ, ತೂಕವೂ ಎಷ್ಟೋ ಸಲ ಹಿಂದೆಯೇ ಬರುತ್ತದೆ.

ಸ್ಲೀವೋ ಬೈಪಾಸೋ ಅನ್ನುವುದು ರೇಟು ನೋಡಿ ತೀರ್ಮಾನಿಸುವ ವಿಷಯವಲ್ಲ. ಈಗಾಗಲೇ ಎದೆ ಉರಿ, ಹುಳಿತೇಗು ಜೋರಾಗಿದ್ದರೆ ಸ್ಲೀವ್ ಆದ ಮೇಲೆ ಅದು ಇನ್ನೂ ಕೆರಳಬಹುದು, ಅಂಥವರಿಗೆ ಬೈಪಾಸ್ ವಾಸಿ. ಹಳೆಯ ಸಕ್ಕರೆ ಕಾಯಿಲೆಗೂ ಬೈಪಾಸ್ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತದೆ. ಆಪರೇಷನ್‌ಗೆ ಮುಂಚೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಮಾಡಿಸುವುದು ಅನ್ನನಾಳ, ಜಠರ ಹೇಗಿವೆ ಎಂದು ತಿಳಿಯುವುದಕ್ಕೇ.

ಏನು ಸಿಗುತ್ತದೆ?

ಸ್ಲೀವ್ ಮಾಡಿಸಿದವರು ಒಂದೂವರೆ ವರ್ಷದ ಸುಮಾರಿಗೆ ಮೊದಲಿದ್ದ ತೂಕದ ಕಾಲು ಭಾಗ ಇಳಿಯುತ್ತಾರೆ. ಬೈಪಾಸ್‌ನಲ್ಲಿ ನೂರಕ್ಕೆ 30ರ ಹತ್ತಿರ. ಇದು ಸರಾಸರಿ, ಒಬ್ಬೊಬ್ಬರದು ಒಂದೊಂದು ಥರ. ನಮ್ಮ 92 ಕೆಜಿಯ ಗೃಹಿಣಿ ಸ್ಲೀವ್ ಮಾಡಿಸಿದರೆ 69ಕ್ಕೆ ಬರಬಹುದು. ಬಿಎಂಐ 28. ಲೆಕ್ಕದ ಪ್ರಕಾರ ಆಗಲೂ ಬೊಜ್ಜೇ! ಜಾಹೀರಾತಿನ ಮೊದಲು–ಆಮೇಲೆ ಫೋಟೋ ನೋಡಿ ಸಣಕಲು ಕಡ್ಡಿಯಾಗುತ್ತೇನೆ ಅಂದುಕೊಂಡು ಹೋದವರಿಗೆ ನಿರಾಸೆ ಆಗುವುದು ಇಲ್ಲೇ.

ಆದರೆ ಆ 23 ಕೆಜಿಯ ಬೆಲೆ ದೊಡ್ಡದು. ತೂಕ 1 ಕೆಜಿ ಇಳಿದರೆ, ನಡೆಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು 4 ಕೆಜಿ ಇಳಿಯುತ್ತದೆ. 23 ಕೆಜಿಗೆ 92 ಕೆಜಿ ಆಯ್ತು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಕೆಳಗಿಂದಲೇ ನೋಡಿ ಕೈಮುಗಿಯುತ್ತಿದ್ದವರು ಹತ್ತುವ ಯೋಚನೆ ಮಾಡಬಹುದು. ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯ ತೊಂದರೆ ಕಮ್ಮಿಯಾಗುತ್ತದೆ. ಬಿಪಿ ಇಳಿಯುತ್ತದೆ, ಲಿವರಿನ ಕೊಬ್ಬು ಕರಗುತ್ತದೆ. ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ಪಿಸಿಓಡಿ ಇರುವ ಹೆಣ್ಣುಮಕ್ಕಳಿಗೆ ಮುಟ್ಟು ಸರಿಹೋಗುತ್ತದೆ.

ಸಕ್ಕರೆ ಕಾಯಿಲೆಯಲ್ಲಿ ಆಗುವ ಬದಲಾವಣೆ ವೈದ್ಯರನ್ನೇ ಬೆರಗುಗೊಳಿಸಿತ್ತು. ತೂಕ ಇನ್ನೂ ಇಳಿಯುವ ಮುಂಚೆಯೇ, ಕೆಲವೇ ದಿನದಲ್ಲಿ, ಸಕ್ಕರೆ ಇಳಿಯುತ್ತದೆ. ಒಂದು ಕಾರಣ, ತಿನ್ನುವುದೇ ಕಮ್ಮಿ. ಇನ್ನೊಂದು, ಊಟ ಬೇಗ ಕೆಳಗಿನ ಕರುಳಿಗೆ ಮುಟ್ಟಿದಾಗ ಜಿಎಲ್‌ಪಿ–1 ಎಂಬ ಹಾರ್ಮೋನ್ ಜಾಸ್ತಿ ಹೊರಬರುತ್ತದೆ. ಅದು ಇನ್ಸುಲಿನ್ ಹೆಚ್ಚಿಸುತ್ತದೆ, ಹಸಿವು ತಗ್ಗಿಸುತ್ತದೆ. ಈಗ ಮಾತಾಗಿರುವ ಇಂಜೆಕ್ಷನ್‌ಗಳು ಅನುಕರಿಸುವುದೂ ಇದನ್ನೇ.

ಹಾಗಂತ ಎಲ್ಲರಿಗೂ ಸಕ್ಕರೆ ಕಾಯಿಲೆ ಬಿಟ್ಟುಹೋಗುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 150 ಜನ ಸಕ್ಕರೆ ಕಾಯಿಲೆಯವರನ್ನು ಮೂರು ಗುಂಪು ಮಾಡಿ ಐದು ವರ್ಷ ಗಮನಿಸಿದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಅಂಕಿಯನ್ನು ಶೇಕಡಾ 6ಕ್ಕೋ ಅದಕ್ಕಿಂತ ಕೆಳಕ್ಕೋ ತರಬೇಕು ಅನ್ನುವುದು ಗುರಿ. ಐದನೇ ವರ್ಷ ಆ ಗುರಿಯಲ್ಲಿ ಇದ್ದವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23, ಬರೀ ಔಷಧಿಯ ಗುಂಪಿನಲ್ಲಿ 5. ಅಂದರೆ ಔಷಧಿಗಿಂತ ಆಪರೇಷನ್ ಬಹಳ ಮುಂದಿದೆ. ಆದರೂ ಆಪರೇಷನ್ ಆದವರಲ್ಲೂ ನೂರರಲ್ಲಿ 70ಕ್ಕಿಂತ ಜಾಸ್ತಿ ಜನ ಗುರಿಯಿಂದ ಹೊರಗೇ ಇದ್ದರು. ಕಾಯಿಲೆ ಶುರುವಾಗಿ ಕಮ್ಮಿ ವರ್ಷ ಆಗಿದ್ದಷ್ಟೂ ಅವಕಾಶ ಜಾಸ್ತಿ.

ಆಯಸ್ಸಿನ ಲೆಕ್ಕವೂ ಇದೆ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಬಂತು. ಸರಾಸರಿ ಹನ್ನೊಂದು ವರ್ಷದ ಹತ್ತಿರ ನೋಡಿದಾಗ, ಆಪರೇಷನ್ ಮಾಡಿಸದ 2,037 ಜನರಲ್ಲಿ 129 ಮಂದಿ ತೀರಿಕೊಂಡಿದ್ದರು. ಮಾಡಿಸಿದ 2,010 ಜನರಲ್ಲಿ 101 ಮಂದಿ.

ಮೊದಲ ತಿಂಗಳ ಅಪಾಯಗಳು

ಅನುಭವ ಇರುವ ಕಡೆ ಮಾಡಿಸಿದರೆ ಮೊದಲ 30 ದಿನದಲ್ಲಿ ಸಾವಿನ ಅಪಾಯ ಸಾವಿರಕ್ಕೆ ಒಂದರಿಂದ ಮೂರು. ಪಿತ್ತಕೋಶ ತೆಗೆಸುವ ಆಪರೇಷನ್ನಿನ ಅಪಾಯಕ್ಕೆ ಹತ್ತಿರದ ಅಂಕಿ ಇದು. ಕಮ್ಮಿ, ಆದರೆ ಸೊನ್ನೆಯಲ್ಲ. ವಯಸ್ಸು, ಹೃದಯದ ತೊಂದರೆ, ತೀರಾ ಜಾಸ್ತಿ ತೂಕ, ಸಿಗರೇಟು ಇದ್ದರೆ ಏರುತ್ತದೆ.

ಡಾಕ್ಟರುಗಳು ಹೆಚ್ಚು ಹೆದರುವುದು ಸೋರಿಕೆಗೆ. ಸ್ಟೇಪ್ಲರ್ ಹೊಡೆದ ಗೆರೆಯಲ್ಲೋ ಜೋಡಣೆಯಲ್ಲೋ ಎಲ್ಲಾದರೂ ಬಿಟ್ಟುಕೊಂಡರೆ ಜಠರದ ರಸ ಹೊಟ್ಟೆಯೊಳಗೆ ಸೋರಿ ನಂಜಾಗುತ್ತದೆ. ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಆಗಬಹುದು. ಕೆಲವು ಸಲ ಮನೆಗೆ ಬಂದು ಒಂದು ವಾರದ ಮೇಲೆ ಕಾಣಿಸಿಕೊಳ್ಳುತ್ತದೆ. ಜ್ವರ, ಎದೆಬಡಿತ ಸುಮ್ಮನೆ ಕೂತಿದ್ದರೂ 120 ದಾಟುವುದು, ಎಡ ಭುಜಕ್ಕೆ ಹರಡುವ ನೋವು, ಉಸಿರು ಕಟ್ಟುವುದು ಇದರ ಲಕ್ಷಣ. ‘ಗ್ಯಾಸ್ಟ್ರಿಕ್ ಇರ್ಬೇಕು’ ಅಂತ ಜೀರಿಗೆ ಕಷಾಯ ಕುಡಿದು ಬೆಳಗಿನವರೆಗೆ ಕಾಯಬಾರದು. ಆಪರೇಷನ್ ಮಾಡಿದ ಆಸ್ಪತ್ರೆಗೆ ರಾತ್ರಿಯೇ ಹೊರಡಬೇಕು.

ಇನ್ನೊಂದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಇದನ್ನು ತಪ್ಪಿಸಲೆಂದೇ ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ, ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡುತ್ತಾರೆ. ‘ಪಾಪ, ಇವತ್ತು ಮಲಗಿರಲಿ ಬಿಡಿ ಸಿಸ್ಟರ್’ ಅನ್ನುವ ನೆಂಟರ ಕರುಣೆ ಇಲ್ಲಿ ಉಪಕಾರಕ್ಕಿಂತ ಅಪಕಾರ.

ಸಕ್ಕರೆ ಕಾಯಿಲೆಯವರಿಗೆ ಮತ್ತೊಂದು ವಿಷಯ. ಸಕ್ಕರೆ ಬೇಗ ಇಳಿಯುವುದರಿಂದ ಹಳೆಯ ಪ್ರಮಾಣದ ಇನ್ಸುಲಿನ್, ಮಾತ್ರೆಗಳನ್ನೇ ಮುಂದುವರಿಸಿದರೆ ಸಕ್ಕರೆ ತೀರಾ ಕುಸಿದು ಎಚ್ಚರ ತಪ್ಪಬಹುದು. ಡಿಸ್ಚಾರ್ಜ್ ಆಗುವಾಗ ಹೊಸ ಚೀಟಿ ಬರೆಸಿಕೊಳ್ಳಿ, ಮನೆಯಲ್ಲಿ ಉಳಿದಿರುವ ಹಳೇ ಮಾತ್ರೆಗಳನ್ನು ಕೇಳದೆ ಮುಟ್ಟಬೇಡಿ.

ಮುದ್ದೆ ನುಂಗುವವರ ಊಟ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಆಸ್ಪತ್ರೆಯಲ್ಲಿ ಕೊಡುವ ಡಯಟ್ ಚಾರ್ಟು ಎಷ್ಟೋ ಸಲ ಓಟ್ಸ್, ಬ್ರೊಕೊಲಿ, ಪ್ರೋಟೀನ್ ಪುಡಿಯಲ್ಲೇ ಮುಗಿದುಹೋಗುತ್ತದೆ. ನಮ್ಮ ಮನೆಯ ತಟ್ಟೆಯಲ್ಲಿ ಇರುವುದೇ ಬೇರೆ.

ಊಟ ಹಂತ ಹಂತವಾಗಿ ಬರುತ್ತದೆ. ಮೊದಲ ಕೆಲವು ದಿನ ತಿಳಿ ನೀರಿನಂಥದ್ದು: ತಿಳಿಸಾರು, ಮಜ್ಜಿಗೆ ನೀರು, ಎಳನೀರು, ಅದೂ ಗುಟುಕು ಗುಟುಕಾಗಿ. ಆಮೇಲೆ ಹಾಲು, ಸಕ್ಕರೆ ಹಾಕದ ರಾಗಿ ಗಂಜಿ, ಸೋಸಿದ ಬೇಳೆ ಕಟ್ಟು. ಎರಡು ಮೂರನೇ ವಾರಕ್ಕೆ ನುಣ್ಣಗೆ ರುಬ್ಬಿದ್ದು, ಮತ್ತೆ ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರಲು ಒಂದರಿಂದ ಒಂದೂವರೆ ತಿಂಗಳು. ಮಾಮೂಲಿ ಅಂದರೂ ಪ್ರಮಾಣ ಒಂದು ಸಣ್ಣ ಬಟ್ಟಲು, ಅಷ್ಟೇ.

ಈಗ ಮುದ್ದೆಗೆ ಬರೋಣ. ಮಂಡ್ಯದಲ್ಲಿ ಮುದ್ದೆಯನ್ನು ಅಗಿಯುವವರನ್ನು ನೋಡಿ ನಗುತ್ತಾರೆ. ಮುರಿದು, ಬಸ್ಸಾರಿನಲ್ಲಿ ಅದ್ದಿ, ಗುಳುಂ ಅಂತ ನುಂಗುವುದೇ ಕ್ರಮ. ಆಪರೇಷನ್ ಆದ ಜಠರಕ್ಕೆ ಈ ಕ್ರಮ ಆಗಿಬರುವುದಿಲ್ಲ. ಅಲ್ಲಿ ದಾರಿ ಸಣ್ಣದಾಗಿರುತ್ತದೆ. ಅಗಿಯದ ತುತ್ತು ಅಲ್ಲೇ ನಿಂತು ಎದೆ ಒತ್ತಿ ಬರುತ್ತದೆ, ಬಾಯಲ್ಲಿ ಜೊಲ್ಲು ತುಂಬುತ್ತದೆ, ವಾಂತಿಯಾಗುತ್ತದೆ. ಜೊತೆಗೆ ಇನ್ನೊಂದು ನಿಯಮ ಇದೆ: ಊಟದ ಜೊತೆ ನೀರು, ಸಾರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಡಬೇಕು. ಮುದ್ದೆ–ಸಾರಿನ ಊಟ ಎರಡೂ ನಿಯಮವನ್ನು ಒಟ್ಟಿಗೇ ಮುರಿಯುತ್ತದೆ. ಹಾಗಾಗಿ ರಾಗಿ ಬೇಕು ಅನ್ನಿಸಿದರೆ ಮೊದಲ ತಿಂಗಳುಗಳಲ್ಲಿ ಗಂಜಿಯಾಗಿ, ಆಮೇಲೆ ಮೆತ್ತಗಿನ ರಾಗಿ ದೋಸೆಯಾಗಿ, ಚೆನ್ನಾಗಿ ಅಗಿದು. ಮುದ್ದೆ ಮತ್ತೆ ತಟ್ಟೆಗೆ ಬರುವುದಾದರೆ ನಿಂಬೆಹಣ್ಣಿನ ಗಾತ್ರದಲ್ಲಿ, ಅಗಿದೇ ತಿನ್ನಬೇಕು. ಊರವರು ನಕ್ಕರೆ ನಗಲಿ.

ಮುದ್ದೆಗೆ ಕೊನೆಯ ಜಾಗ ಕೊಡುವುದಕ್ಕೆ ಬೇರೆ ಕಾರಣವೂ ಇದೆ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು 7 ಗ್ರಾಂ ಸುಮಾರು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಕೋಳಿ 100 ಗ್ರಾಂನಲ್ಲಿ 25ಕ್ಕಿಂತ ಜಾಸ್ತಿ, ಪನೀರ್ 100 ಗ್ರಾಂನಲ್ಲಿ 18ರ ಹತ್ತಿರ, ಒಂದು ಲೋಟ ಹಾಲಿನಲ್ಲಿ 6. ಜಾಗ ಇರುವುದೇ ಒಂದು ಬಟ್ಟಲಿನಷ್ಟು, ಅದನ್ನು ಮೊದಲು ಯಾವುದಕ್ಕೆ ಕೊಡಬೇಕು ಅನ್ನುವುದು ಇಲ್ಲೇ ಗೊತ್ತಾಗುತ್ತದೆ ಅಲ್ವಾ? ಬಾಡೂಟದ ಮನೆಯವರಿಗೆ ಇದು ಅಷ್ಟು ಕಷ್ಟವಲ್ಲ, ಮೆತ್ತಗೆ ಬೆಂದಿರಬೇಕು ಅಷ್ಟೇ. ಮೊಟ್ಟೆಯನ್ನೂ ಮುಟ್ಟದವರಿಗೆ 60 ಗ್ರಾಂ ಮುಟ್ಟಿಸುವುದು ನಿಜಕ್ಕೂ ಕಷ್ಟ. ಹಾಲು, ಮೊಸರು, ಪನೀರ್, ಬೇಳೆ, ಕಾಳಿನ ಜೊತೆ ಪ್ರೋಟೀನ್ ಪುಡಿ ಸೇರಿಸಲೇಬೇಕಾಗಬಹುದು.

ಸಿಹಿಯ ವಿಷಯ. ಬೈಪಾಸ್ ಆದವರು ಮೈಸೂರು ಪಾಕ್ ಒಂದು ತುಂಡು, ಕಬ್ಬಿನ ಹಾಲು ಒಂದು ಲೋಟ ಇಳಿಸಿದರೆ ಆ ಸಕ್ಕರೆ ನೇರ ಸಣ್ಣ ಕರುಳಿಗೆ ನುಗ್ಗುತ್ತದೆ. ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಒಂದೆರಡು ಗಂಟೆ ಬಿಟ್ಟು ಸಕ್ಕರೆ ಕುಸಿದು ಕೈ ನಡುಗುವುದೂ ಉಂಟು. ಪ್ರಾಣಕ್ಕೆ ಅಪಾಯ ಅಪರೂಪ, ಆದರೆ ಒಮ್ಮೆ ಅನುಭವಿಸಿದವರು ಹಬ್ಬದ ಹೋಳಿಗೆಯನ್ನು ದೂರದಿಂದಲೇ ನೋಡುತ್ತಾರೆ.

ವರ್ಷಗಳು ಕಳೆದ ಮೇಲೆ

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತದೆ. ಗಾಬರಿ ಆಗುತ್ತದೆ, ಆದರೆ ಪೌಷ್ಟಿಕತೆ ಸರಿ ಇದ್ದರೆ ಮತ್ತೆ ಬರುತ್ತದೆ. ಚರ್ಮ ಜೋತುಬೀಳುತ್ತದೆ. ಅದು ಪೂರ್ತಿ ಬಿಗಿಯಾಗುವುದಿಲ್ಲ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಅದಕ್ಕೆ ಕೆಲವರಿಗೆ ಆರು ತಿಂಗಳು ಮಾತ್ರೆ ಕೊಡುತ್ತಾರೆ.

ನಿಜವಾದ ತೊಂದರೆ ಶುರುವಾಗುವುದು ‘ನಾನೀಗ ಚೆನ್ನಾಗಿದ್ದೀನಲ್ಲ’ ಅಂತ ಮಾತ್ರೆ ನಿಲ್ಲಿಸಿದಾಗ. ಕಬ್ಬಿಣ ಕಮ್ಮಿಯಾಗಿ ರಕ್ತಹೀನತೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕಮ್ಮಿಯಾಗಿ ಮೂಳೆ ಟೊಳ್ಳು, ಬಿ12 ಕಮ್ಮಿಯಾಗಿ ಕೈಕಾಲು ಜೋಮು. ಇವು ನಿಧಾನವಾಗಿ ಬರುತ್ತವೆ, ಮೊದಲ ವರ್ಷ ಗೊತ್ತೇ ಆಗುವುದಿಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಆಪರೇಷನ್‌ಗೆ ಮುಂಚೆಯೇ ಕಮ್ಮಿ ಇರುವುದು ಸಾಮಾನ್ಯ. ಸ್ಲೀವ್ ಆದವರಿಗೂ ಇದರಿಂದ ವಿನಾಯಿತಿ ಇಲ್ಲ. ಮೊದಲ ವರ್ಷ ಮೂರು ನಾಲ್ಕು ಸಲ, ಆಮೇಲೆ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ಸರ್ಜನ್ ಹತ್ತಿರ ‘ಎಷ್ಟು ಕೆಜಿ ಇಳೀತೀನಿ’ ಅಂತ ಕೇಳುವುದಕ್ಕಿಂತ ‘ಐದನೇ ವರ್ಷ ನನ್ನನ್ನು ಯಾರು ನೋಡ್ತಾರೆ’ ಅಂತ ಕೇಳುವುದು ಮುಖ್ಯ. ಆ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದ ಕಡೆ ಎಷ್ಟೇ ಒಳ್ಳೆಯ ಆಫರ್ ಇದ್ದರೂ ಯೋಚನೆ ಮಾಡಿ.

ತೂಕ ವಾಪಸ್ ಬರುತ್ತದಾ? ಎರಡನೇ ವರ್ಷದ ನಂತರ ಸ್ವಲ್ಪ ಏರುವುದು ಸಹಜ. ಬೋಂಡ, ಮಿಕ್ಸ್‌ಚರ್, ಐಸ್‌ಕ್ರೀಮ್, ಜ್ಯೂಸ್ ಸಣ್ಣ ಜಠರದಲ್ಲೂ ಸಲೀಸಾಗಿ ಜಾರುತ್ತವೆ. ದಿನವಿಡೀ ಕುರುಕುತ್ತಿದ್ದರೆ ಆಪರೇಷನ್ ಸೋಲುತ್ತದೆ.

ಗಂಡಸರಿಗೆ ಒಂದು ಮಾತು. ಆಪರೇಷನ್ ಆದ ಮೇಲೆ ಮದ್ಯ ರಕ್ತಕ್ಕೆ ಬೇಗ ಏರುತ್ತದೆ, ಕಮ್ಮಿ ಕುಡಿದರೂ ಅಮಲು ಜಾಸ್ತಿ. ಊಟದ ಖುಷಿ ಹೋದ ಜಾಗಕ್ಕೆ ಬಾಟಲಿ ಬರುವ ಅಪಾಯ ಇದೆ ಎಂದು ಅಧ್ಯಯನಗಳಲ್ಲೇ ಕಂಡಿದೆ. ಮನಸ್ಸು ಕುಗ್ಗುವುದು, ಸಾಯುವ ಯೋಚನೆ ಬರುವುದೂ ಕೆಲವರಲ್ಲಿ ಕಂಡುಬಂದಿದೆ. ಮುಂಚೆಯೇ ಮನೋವೈದ್ಯರನ್ನು ಕಾಣಿಸುವುದು ಶಾಸ್ತ್ರಕ್ಕಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು. ತೂಕ ಇಳಿದಂತೆ ಬಸಿರಾಗುವ ಸಾಧ್ಯತೆ ಬೇಗ ಏರುತ್ತದೆ. ಆದರೆ ಒಂದರಿಂದ ಒಂದೂವರೆ ವರ್ಷ ಮಗು ಬೇಡ ಅನ್ನುತ್ತಾರೆ, ತಾಯಿಗೇ ಪೋಷಣೆ ಸಾಲದ ಕಾಲ ಅದು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹಿಡಿಯದೆ ಇರಬಹುದು, ಬೇರೆ ಉಪಾಯವನ್ನು ಡಾಕ್ಟರ ಹತ್ತಿರ ಕೇಳಬೇಕು.

ಇಂಜೆಕ್ಷನ್ ಇರುವಾಗ ಆಪರೇಷನ್ ಯಾಕೆ?

ತೂಕ ಇಳಿಸುವ ಇಂಜೆಕ್ಷನ್‌ಗಳಲ್ಲಿ ಮೌಂಜಾರೊ ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ. ಪರೀಕ್ಷೆಗಳಲ್ಲಿ ವೆಗೋವಿಯಿಂದ ಸರಾಸರಿ ನೂರಕ್ಕೆ 15ರಷ್ಟು, ಮೌಂಜಾರೊದಿಂದ 20ರಷ್ಟು ತೂಕ ಇಳಿದಿದೆ. ವಾರಕ್ಕೊಂದು ಚುಚ್ಚಿಕೊಳ್ಳಬೇಕು. ನಿಲ್ಲಿಸಿದರೆ ಇಳಿದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಬಿಎಂಐ 30ರ ಆಸುಪಾಸಿನವರಿಗೆ, ಆಪರೇಷನ್ ತಾಳಿಕೊಳ್ಳುವಷ್ಟು ಆರೋಗ್ಯ ಇಲ್ಲದವರಿಗೆ ಇಂಜೆಕ್ಷನ್ ಮೊದಲ ಯೋಚನೆ ಆಗಬಹುದು. 40 ದಾಟಿದವರಿಗೆ ಸದ್ಯಕ್ಕೆ ಆಪರೇಷನ್ನೇ ಹೆಚ್ಚು ಗಟ್ಟಿ. ಎರಡನ್ನೂ ಸೇರಿಸಿ ಬಳಸುವವರೂ ಇದ್ದಾರೆ.

ದುಡ್ಡಿನ ಲೆಕ್ಕ

ಖಾಸಗಿ ಆಸ್ಪತ್ರೆಯಲ್ಲಿ ಇದು ಲಕ್ಷಗಳ ಬಾಬತ್ತು. ಬಿಲ್ಲಿನಲ್ಲಿ ದೊಡ್ಡ ಪಾಲು ಒಂದೇ ಸಲ ಬಳಸಿ ಎಸೆಯುವ ಸ್ಟೇಪ್ಲರ್‌ನದು. ‘ಪ್ಯಾಕೇಜ್’ ಅಂದಾಗ ಸ್ಟೇಪ್ಲರ್, ಐಸಿಯು, ಸೋರಿಕೆ ಆದರೆ ಎರಡನೇ ಆಪರೇಷನ್, ಡಯಟಿಷಿಯನ್ ಸೇರಿದೆಯಾ ಅಂತ ಬರೆಸಿಕೊಳ್ಳಿ. ಆಮೇಲಿನ ಮಾತ್ರೆ, ರಕ್ತ ಪರೀಕ್ಷೆ ತಿಂಗಳ ಖರ್ಚಿಗೆ ಸೇರುತ್ತವೆ.

ಇನ್ಷೂರೆನ್ಸ್ ಸಿಗುತ್ತದೆ, ಆದರೆ ಷರತ್ತು ಬಿಗಿ. ವಿಮಾ ನಿಯಂತ್ರಕ ಐಆರ್‌ಡಿಎಐ ಒಪ್ಪಿರುವ ಮಾದರಿ ಪ್ರಕಾರ ವಯಸ್ಸು 18 ದಾಟಿರಬೇಕು. ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು, ಹೃದಯದ ಕಾಯಿಲೆ, ಜೋರಾದ ಸ್ಲೀಪ್ ಆಪ್ನಿಯ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇರಬೇಕು. ಡಯಟ್, ಔಷಧಿ ಎಲ್ಲ ಮಾಡಿ ಸೋತಿದ್ದಕ್ಕೆ ದಾಖಲೆ ಬೇಕು. ಅಂದರೆ 37.3 ಇರುವ ನಮ್ಮ ಗೃಹಿಣಿಗೆ ಬೇರೆ ಕಾಯಿಲೆ ಇಲ್ಲದಿದ್ದರೆ ವೈದ್ಯರು ಆಪರೇಷನ್ ಆಗಬಹುದು ಅಂದರೂ ಕಂಪನಿ ದುಡ್ಡು ಕೊಡದೆ ಇರಬಹುದು. ಅಡ್ಮಿಟ್ ಆಗುವ ಮುಂಚೆಯೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಡಯಟಿಷಿಯನ್ ಚೀಟಿ, ಹಳೆಯ ತೂಕದ ದಾಖಲೆ ಯಾವುದನ್ನೂ ಎಸೆಯಬೇಡಿ.

ಊರಿನ ಡಾಕ್ಟರಿಗೆ ಗೊತ್ತಿರಬೇಕಾದ್ದು

ಆಪರೇಷನ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆಗಿರುತ್ತದೆ. ಆದರೆ ಮಳವಳ್ಳಿಯಲ್ಲೋ ಪಾಂಡವಪುರದಲ್ಲೋ ಇರುವವರು ಜ್ವರ, ನೋವು ಬಂದರೆ ಮೊದಲು ಹೋಗುವುದು ಹತ್ತಿರದ ಕ್ಲಿನಿಕ್ಕಿಗೆ ಅಥವಾ ಮೆಡಿಕಲ್ ಶಾಪಿಗೆ. ಎರಡು ವಿಷಯ ಅಲ್ಲಿ ಎಡವಟ್ಟಾಗಬಹುದು.

ಒಂದು, ಮಂಡಿ ನೋವಿಗೆ ಅಂತ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ. ಬೈಪಾಸ್ ಆದವರಿಗೆ ಇವು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ರಕ್ತಸ್ರಾವ ಆಗಬಹುದು. ಬೀಡಿ, ಸಿಗರೇಟೂ ಅದನ್ನೇ ಮಾಡುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಕಾಗದಿದ್ದರೆ ಸರ್ಜನ್‌ಗೆ ಫೋನ್ ಮಾಡಿ ಕೇಳಬೇಕು.

ಎರಡನೆಯದು ಇನ್ನೂ ಗಂಭೀರ. ಮೊದಲ ತಿಂಗಳುಗಳಲ್ಲಿ ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ದೇಹದಲ್ಲಿ ವಿಟಮಿನ್ ಬಿ1 ಬರಿದಾಗುತ್ತದೆ. ಇಂಥವರು ಸುಸ್ತು ಅಂತ ಹೋದಾಗ ನಮ್ಮ ಕಡೆ ಮೊದಲು ಮಾಡುವುದೇ ಒಂದು ಬಾಟ್ಲು ಗ್ಲೂಕೋಸ್ ಹಾಕುವುದು. ಬಿ1 ಇಲ್ಲದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಅದರ ಗುರುತು. ಮೊದಲು ಬಿ1 ಇಂಜೆಕ್ಷನ್, ಆಮೇಲೆ ಗ್ಲೂಕೋಸ್.

ರೋಗಿಗೆ ಆ ಹೊತ್ತಿನಲ್ಲಿ ಇದನ್ನೆಲ್ಲ ಹೇಳುವ ಶಕ್ತಿ ಇರುವುದಿಲ್ಲ. ಹಾಗಾಗಿ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ, ಮನೆಯವರ ಫೋನಿನಲ್ಲೂ ಅದರ ಫೋಟೋ ಇರಲಿ: ಯಾವ ಆಪರೇಷನ್, ಯಾವ ತಾರೀಕು, ಎಲ್ಲಿ ಮಾಡಿದ್ದು, ಸರ್ಜನ್ ನಂಬರ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಎರಡು ಸಾಲು: ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಬೇಡ. ಗ್ಲೂಕೋಸ್‌ಗೆ ಮುಂಚೆ ಬಿ1 ಕೊಡಿ.